ಚಾಕು ಕೆಳಗಿಟ್ಟ ಸರ್ಜನ್ ಮತ್ತು ನಮ್ಮೂರ ತಪಾಸಣಾ ಶಿಬಿರ

ತಾಲ್ಲೂಕು ಕೇಂದ್ರದ ಯಾವ ಪತ್ರಿಕಾ ಕಚೇರಿಗೆ ಹೋದರೂ ಮೇಜಿನ ಮೇಲೆ ಇಂಥದ್ದೊಂದು ಪ್ರಕಟಣೆ ಇದ್ದೇ ಇರುತ್ತದೆ: ಬರುವ ಭಾನುವಾರ ಸಮುದಾಯ ಭವನದಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರ, ಕಣ್ಣು, ಹಲ್ಲು, ಬಿಪಿ, ಶುಗರ್, ಥೈರಾಯ್ಡ್, ಸಾರ್ವಜನಿಕರು ಸದುಪಯೋಗ ಪಡೆದುಕೊಳ್ಳಬೇಕು. ಸುದ್ದಿ ಬರುತ್ತದೆ, ಶಿಬಿರ ನಡೆಯುತ್ತದೆ, ದೀಪ ಬೆಳಗಿಸಿದವರ ಫೋಟೊ ಮಾರನೆಯ ದಿನ ಅಚ್ಚಾಗುತ್ತದೆ. ಅಲ್ಲಿ ತಪಾಸಣೆಗೆ ಒಳಗಾದವರಿಗೆ ಆಮೇಲೆ ಏನಾಯಿತು ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ.

ಈ ಪಟ್ಟಿಯಲ್ಲಿ ಬಿಪಿ, ಶುಗರ್, ಕಣ್ಣು, ಹಲ್ಲಿನ ಬಗ್ಗೆ ನಮ್ಮ ತಕರಾರಿಲ್ಲ. ಥೈರಾಯ್ಡ್ ಹಾರ್ಮೋನು ಹೆಚ್ಚೋ ಕಡಿಮೆಯೋ ಎಂದು ನೋಡುವ ರಕ್ತಪರೀಕ್ಷೆಯ ಬಗ್ಗೆಯೂ ಇಲ್ಲ. ಸುಸ್ತು, ಮುಟ್ಟಿನ ಏರುಪೇರು ಇರುವ ಹೆಣ್ಣುಮಕ್ಕಳಿಗೆ, ಗರ್ಭಿಣಿಯರಿಗೆ, ಹುಟ್ಟಿದ ಮಗುವಿಗೆ ಆ ಪರೀಕ್ಷೆಯಿಂದ ನಿಜವಾದ ಉಪಕಾರವಿದೆ. ನಮ್ಮ ಪ್ರಶ್ನೆ ಇನ್ನೊಂದರ ಬಗ್ಗೆ. ಯಾವ ತೊಂದರೆಯೂ ಇಲ್ಲದವರ ಕುತ್ತಿಗೆಗೆ ಅಲ್ಟ್ರಾಸೌಂಡ್ ಯಂತ್ರ ಇಟ್ಟು, ‘ಕ್ಯಾನ್ಸರ್ ಇದ್ದರೆ ಬೇಗ ಗೊತ್ತಾಗಲಿ’ ಎಂದು ಹುಡುಕುವುದು ಒಳ್ಳೆಯದೇ? ನಮ್ಮ ಉತ್ತರ: ಅಲ್ಲ. ‘ಬೇಗ ಪತ್ತೆಯಾದರೆ ಒಳ್ಳೆಯದು’ ಎಂಬ ಮಾತು ಎಷ್ಟೋ ಕ್ಯಾನ್ಸರುಗಳಿಗೆ ನಿಜ. ಥೈರಾಯ್ಡಿನ ಮಟ್ಟಿಗೆ ಅದು ಅಷ್ಟು ಸಲೀಸಲ್ಲ. ಹೀಗೆ ಹೇಳಲು ನಮಗೆ ಆಧಾರವಾಗಿರುವುದು ಯಾವುದೋ ಔಷಧ ವಿರೋಧಿ ವಾಟ್ಸ್‌ಆ್ಯಪ್ ಸಂದೇಶವಲ್ಲ. ಬದುಕಿಡೀ ಥೈರಾಯ್ಡ್ ಆಪರೇಷನ್ ಮಾಡಿಕೊಂಡೇ ಬಂದ ಒಬ್ಬ ಸರ್ಜನ್ ನಡೆಸಿದ ಸಂಶೋಧನೆ.

ಕುತ್ತಿಗೆಯೊಳಗಿನ ನಾಲ್ಕು ಕಾಳು

ವಿಷಯಕ್ಕೆ ಹೋಗುವ ಮೊದಲು ಕುತ್ತಿಗೆಯ ಒಳಗೆ ಏನಿದೆ ಎಂದು ನೋಡೋಣ. ಗಂಟಲಿನ ಮುಂದೆ, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಶ್ವಾಸನಾಳವನ್ನು ಅಪ್ಪಿಕೊಂಡಿರುವುದು ಥೈರಾಯ್ಡ್ ಗ್ರಂಥಿ. ಅದರ ಬೆನ್ನಿಗೆ ಅಂಟಿಕೊಂಡು ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳಿರುತ್ತವೆ. ಒಂದೊಂದೂ ಅಕ್ಕಿಕಾಳಿಗಿಂತ ತುಸು ದಪ್ಪ, ಬಣ್ಣ ಹಳದಿ ಮಿಶ್ರಿತ ಕಂದು. ಇವೇ ಪ್ಯಾರಾಥೈರಾಯ್ಡ್. ಹೆಸರು ಹತ್ತಿರದ್ದಾದರೂ ಕೆಲಸ ಬೇರೆ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕು ಎಂದು ಲೆಕ್ಕ ಇಡುವುದು ಇವುಗಳ ಕೆಲಸ. ಪಕ್ಕದಲ್ಲೇ ಧ್ವನಿಪೆಟ್ಟಿಗೆಗೆ ಹೋಗುವ ದಾರದಂಥ ನರವಿದೆ. ಅದಕ್ಕೆ ಪೆಟ್ಟಾದರೆ ಸ್ವರ ಒಡೆಯುತ್ತದೆ.

ಈ ಕಾಳುಗಳನ್ನು ಮನುಷ್ಯ ಗುರುತಿಸಿದ್ದು ತೀರಾ ತಡವಾಗಿ. 19ನೇ ಶತಮಾನದ ಮಧ್ಯಭಾಗದಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸತ್ತ ಒಂದು ಭಾರತೀಯ ಘೇಂಡಾಮೃಗವನ್ನು ಕೊಯ್ದು ನೋಡುವಾಗ ರಿಚರ್ಡ್ ಓವನ್ ಎಂಬ ವಿಜ್ಞಾನಿ ಇಂಥದ್ದೊಂದನ್ನು ಕಂಡು ಬರೆದಿಟ್ಟರು. ಮನುಷ್ಯನಲ್ಲೂ ಇವು ಇವೆ ಎಂದು 1880ರಲ್ಲಿ ವಿವರವಾಗಿ ಬರೆದವರು ಸ್ವೀಡನ್ನಿನ ಉಪ್ಸಾಲಾದ ಇವಾರ್ ಸ್ಯಾಂಡ್‌ಸ್ಟ್ರೋಮ್. ಆಗ ಯಾರೂ ಅವರ ಮಾತಿಗೆ ಕಿವಿಗೊಡಲಿಲ್ಲ.

ಗೊತ್ತಿಲ್ಲದ ಅಂಗಕ್ಕೆ ಬೆಲೆ ಕಟ್ಟುವವರು ಯಾರು? ಅದೇ ಕಾಲದಲ್ಲಿ ಯುರೋಪಿನಲ್ಲಿ ಗಳಗಂಡದ ಆಪರೇಷನ್ನುಗಳು ಜೋರಾಗಿ ನಡೆಯುತ್ತಿದ್ದವು. ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್ರೋತ್, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಥಿಯೋಡೋರ್ ಕೋಖರ್. ಬಿಲ್ರೋತ್ ಅವರ ರೋಗಿಗಳಲ್ಲಿ ಕೆಲವರಿಗೆ ಆಪರೇಷನ್ ಆದಮೇಲೆ ಕೈಕಾಲು ಸೆಟೆದುಕೊಳ್ಳುತ್ತಿತ್ತು. ಕೋಖರ್ ಅವರ ರೋಗಿಗಳಿಗೆ ಹಾಗಾಗುತ್ತಿದ್ದುದು ಅಪರೂಪ. ಅವರಲ್ಲಿ ಹಲವರು ತಿಂಗಳುಗಳು ಕಳೆದಂತೆ ಮುಖ ಊದಿ, ಮಂಕಾಗಿ, ಮಾತು ನಿಧಾನವಾಗಿ ಬೇರೆಯೇ ಮನುಷ್ಯರಾಗುತ್ತಿದ್ದರು. ಇಬ್ಬರ ಕೆಲಸವನ್ನೂ ಕಂಡಿದ್ದ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಇದಕ್ಕೆ ಕೊಟ್ಟ ಕಾರಣ ಸರಳ. ಬಿಲ್ರೋತ್ ಅವರದು ವೇಗದ ಕೈ. ಥೈರಾಯ್ಡಿನ ಚೂರು ಉಳಿಯುತ್ತಿತ್ತು, ಪ್ಯಾರಾಥೈರಾಯ್ಡ್ ಹೋಗುತ್ತಿತ್ತು. ಕೋಖರ್ ಅವರದು ಸಾವಧಾನದ, ಅಚ್ಚುಕಟ್ಟಾದ ಕೈ. ಥೈರಾಯ್ಡ್ ಪೂರ್ತಿ ಹೋಗುತ್ತಿತ್ತು, ಪ್ಯಾರಾಥೈರಾಯ್ಡ್ ಉಳಿಯುತ್ತಿತ್ತು.

ಕೋಖರ್ 1883ರಲ್ಲಿ ತಮ್ಮ ಹಳೆಯ ರೋಗಿಗಳನ್ನು ಮತ್ತೆ ಕರೆಸಿ ನೋಡಿದರು. ಪೂರ್ತಿ ಗ್ರಂಥಿ ತೆಗೆದವರ ಸ್ಥಿತಿಯನ್ನು ಎಲ್ಲರೆದುರು ಹೇಳಿದರು, ಗಳಗಂಡಕ್ಕಾಗಿ ಇಡೀ ಗ್ರಂಥಿ ತೆಗೆಯುವುದನ್ನು ನಿಲ್ಲಿಸಿದರು. 1909ರಲ್ಲಿ ಅವರಿಗೆ ನೊಬೆಲ್ ಬಂತು. ನಮಗೆ ಆ ಬಹುಮಾನಕ್ಕಿಂತ ಮುಖ್ಯವಾಗಿ ಕಾಣುವುದು ಆಪರೇಷನ್ ಯಶಸ್ವಿ ಎಂದು ಮನೆಗೆ ಕಳಿಸಿದವರನ್ನು ವರ್ಷಗಳ ನಂತರ ವಾಪಸ್ ಕರೆಸಿ ‘ಹೇಗಿದ್ದೀರಿ’ ಎಂದು ಕೇಳಿದ ಆ ಕ್ರಮ.

1993ರಲ್ಲಿ ಕೋಬೆಯಲ್ಲಿ ಕೇಳಿದ ಪ್ರಶ್ನೆ

ಅದೇ ಕ್ರಮವನ್ನು ನೂರಹತ್ತು ವರ್ಷಗಳ ನಂತರ ಇನ್ನೊಂದು ದಿಕ್ಕಿಗೆ ತಿರುಗಿಸಿದವರು ಜಪಾನಿನ ಸರ್ಜನ್ ಅಕಿರಾ ಮಿಯಾವುಚಿ. ಆಪರೇಷನ್‌ನಲ್ಲಿ ತುಂಡಾದ ಧ್ವನಿಯ ನರವನ್ನು ಕುತ್ತಿಗೆಯ ಇನ್ನೊಂದು ನರಕ್ಕೆ ಜೋಡಿಸಿ ಸ್ವರವನ್ನು ಮರಳಿಸುವ ವಿಧಾನವನ್ನು ಬೆಳೆಸಿ ಹೆಸರಾದವರು ಅವರು. ಥೈರಾಯ್ಡ್ ಆಪರೇಷನ್ ಕೆಟ್ಟರೆ ಏನಾಗುತ್ತದೆ ಎಂದು ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ.

ಅವರ ಮುಂದಿದ್ದ ಲೆಕ್ಕ ಇದು. ಫಿನ್‌ಲೆಂಡಿನಲ್ಲಿ ಬೇರೆ ಬೇರೆ ಕಾರಣಗಳಿಂದ ಸತ್ತ 101 ಜನರ ಥೈರಾಯ್ಡನ್ನು ತೆಳ್ಳಗೆ ಹೆಚ್ಚಿ ನೋಡಿದಾಗ ನೂರಕ್ಕೆ 35ಕ್ಕೂ ಹೆಚ್ಚು ಮಂದಿಯಲ್ಲಿ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ ಇತ್ತು. ಇದು 1985ರಲ್ಲಿ ಪ್ರಕಟವಾದ ಅಧ್ಯಯನ. ಅಷ್ಟೂ ಜನ ಅದರ ಸುಳಿವೂ ಇಲ್ಲದೆ ಬದುಕಿ, ಬೇರೆ ಕಾಯಿಲೆಗಳಿಂದ ಸತ್ತಿದ್ದರು. ಜಪಾನಿನಲ್ಲೇ 30 ದಾಟಿದ ಹೆಂಗಸರ ಕುತ್ತಿಗೆಯನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದಾಗ ನೂರಕ್ಕೆ 3.5 ಮಂದಿಯಲ್ಲಿ ಕ್ಯಾನ್ಸರ್ ಸಿಕ್ಕಿತ್ತು. ತೊಂದರೆ ಎಂದು ಆಸ್ಪತ್ರೆಗೆ ಬರುತ್ತಿದ್ದ ಥೈರಾಯ್ಡ್ ಕ್ಯಾನ್ಸರ್ ರೋಗಿಗಳ ಸಂಖ್ಯೆ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಹಾಗಾದರೆ ಉಳಿದವೆಲ್ಲ ಏನಾಗುತ್ತವೆ? ಬಹುಪಾಲು ಗಂಟುಗಳು ಇದ್ದಲ್ಲೇ ಇದ್ದು, ಮನುಷ್ಯನ ಜೊತೆಗೇ ಮುಗಿದುಹೋಗುತ್ತವೆ ಎಂದಲ್ಲವೆ?

1993ರಲ್ಲಿ ಕೋಬೆ ನಗರದ ಕುಮಾ ಆಸ್ಪತ್ರೆಯ ವೈದ್ಯರ ಸಭೆಯಲ್ಲಿ ಮಿಯಾವುಚಿ ಒಂದು ಪ್ರಸ್ತಾಪ ಇಟ್ಟರು. ಗಂಟು ಒಂದು ಸೆಂಟಿಮೀಟರಿಗಿಂತ ದೊಡ್ಡದಲ್ಲ, ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡಿಲ್ಲ, ಶ್ವಾಸನಾಳಕ್ಕೋ ಧ್ವನಿಯ ನರಕ್ಕೋ ತಾಗಿಲ್ಲ, ಕೋಶಗಳು ಉಗ್ರ ಜಾತಿಯವಲ್ಲ ಎಂದಾದರೆ ಕೂಡಲೇ ಕೊಯ್ಯುವುದು ಬೇಡ. ರೋಗಿಗೆ ಎಲ್ಲವನ್ನೂ ಹೇಳೋಣ. ಒಪ್ಪಿದರೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡೋಣ. ಬೆಳೆದರೆ ಆಗ ಆಪರೇಷನ್ ಮಾಡೋಣ. ಸಭೆ ಒಪ್ಪಿತು. ಎರಡು ವರ್ಷಗಳ ನಂತರ ಟೋಕಿಯೊದ ಕ್ಯಾನ್ಸರ್ ಆಸ್ಪತ್ರೆಯೂ ಇದೇ ದಾರಿ ಹಿಡಿಯಿತು.

ಕ್ಯಾನ್ಸರ್ ಎಂದು ಖಾತ್ರಿಯಾದ ಗಂಟನ್ನು ಹಾಗೇ ಬಿಟ್ಟು ನೋಡುವುದೆಂದರೆ ಸಣ್ಣ ಮಾತಲ್ಲ. ಒಬ್ಬರು ಸತ್ತರೂ ಹೆಸರು ಮಣ್ಣುಪಾಲಾಗುವ ಸಾಹಸ ಅದು. ಫಲಿತಾಂಶ 2014ರಲ್ಲಿ ಹೊರಬಂತು. ಹೀಗೆ ಕಾದು ನೋಡಿದ 1,235 ರೋಗಿಗಳಲ್ಲಿ ಹತ್ತು ವರ್ಷಗಳ ಲೆಕ್ಕಕ್ಕೆ ಗಂಟು ಬೆಳೆದದ್ದು ನೂರಕ್ಕೆ 8 ಮಂದಿಯಲ್ಲಿ. ದುಗ್ಧಗ್ರಂಥಿಗೆ ಹರಡಿದ್ದು ನೂರಕ್ಕೆ 3.8 ಮಂದಿಯಲ್ಲಿ. ಥೈರಾಯ್ಡ್ ಕ್ಯಾನ್ಸರಿನಿಂದ ಸತ್ತವರು ಒಬ್ಬರೂ ಇಲ್ಲ. ಬೆಳೆದ ಮೇಲೆ ಆಪರೇಷನ್ ಮಾಡಿಸಿಕೊಂಡವರೂ ಚೆನ್ನಾಗಿಯೇ ಇದ್ದರು. ಇನ್ನೊಂದು ಸಂಗತಿ: ಗಂಟು ಬೆಳೆಯುವ ಸಾಧ್ಯತೆ 40ರ ಒಳಗಿನವರಲ್ಲಿ ಹೆಚ್ಚು, 60 ದಾಟಿದವರಲ್ಲಿ ತೀರಾ ಕಡಿಮೆ. ವಯಸ್ಸಾದಷ್ಟೂ ಕ್ಯಾನ್ಸರ್ ಕೆಟ್ಟದ್ದು ಎಂಬ ನಮ್ಮ ಅಂದಾಜು ಈ ಸಣ್ಣ ಗಂಟುಗಳ ಮಟ್ಟಿಗೆ ತಿರುಗುಮುರುಗು.

ಎರಡು ವರ್ಷಗಳ ನಂತರ ಅದೇ ತಂಡ ಎರಡೂ ಗುಂಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿತು. ಕಾದು ನೋಡಿದವರು 1,179 ಮಂದಿ, ಕೂಡಲೇ ಆಪರೇಷನ್ ಮಾಡಿಸಿಕೊಂಡವರು 974 ಮಂದಿ. ಎರಡು ಗುಂಪಿನಲ್ಲೂ ಥೈರಾಯ್ಡ್ ಕ್ಯಾನ್ಸರಿನ ಸಾವಿಲ್ಲ. ವ್ಯತ್ಯಾಸ ಕಂಡದ್ದು ನಾವು ಆಗಲೇ ಹೇಳಿದ ಆ ನರ ಮತ್ತು ಆ ನಾಲ್ಕು ಕಾಳುಗಳಲ್ಲಿ. ಆಪರೇಷನ್ ಆದವರಲ್ಲಿ ನೂರಕ್ಕೆ 16.7 ಮಂದಿಗೆ ಪ್ಯಾರಾಥೈರಾಯ್ಡ್ ತಾತ್ಕಾಲಿಕವಾಗಿ ಕೈಕೊಟ್ಟಿತು, 1.6 ಮಂದಿಗೆ ಶಾಶ್ವತವಾಗಿ ಹೋಯಿತು. ಕಾದು ನೋಡಿದ ಗುಂಪಿನಲ್ಲಿ, ಮುಂದೆ ಆಪರೇಷನ್ ಮಾಡಿಸಿಕೊಂಡವರನ್ನೂ ಸೇರಿಸಿ, ಇದೇ ಅಂಕಿಗಳು 2.8 ಮತ್ತು 0.08. ಸ್ವರ ತಾತ್ಕಾಲಿಕವಾಗಿ ಬಿದ್ದದ್ದು 4.1ಕ್ಕೆ ಎದುರಾಗಿ 0.6.

ಇದು ಥೈರಾಯ್ಡ್ ಆಪರೇಷನ್ ಒಂದನ್ನೇ ಕಸುಬು ಮಾಡಿಕೊಂಡ, ನುರಿತ ಕೈಗಳ ಆಸ್ಪತ್ರೆಯ ಲೆಕ್ಕ ಎಂಬುದನ್ನು ನೆನಪಿಡಬೇಕು. ವರ್ಷಕ್ಕೆ ನಾಲ್ಕಾರು ಥೈರಾಯ್ಡ್ ಮಾತ್ರ ಮುಟ್ಟುವ ಕೈಗಳ ಲೆಕ್ಕ ಇದಕ್ಕಿಂತ ಚೆನ್ನಾಗಿರಲು ಕಾರಣವಿಲ್ಲ.

ಕೊರಿಯಾ ಕಲಿತ ಪಾಠ

ಹುಡುಕುತ್ತಾ ಹೋದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ದೊಡ್ಡ ಉದಾಹರಣೆ. 1999ರಲ್ಲಿ ಅಲ್ಲಿನ ಸರ್ಕಾರ ಕೆಲವು ಕ್ಯಾನ್ಸರುಗಳಿಗೆ ತಪಾಸಣಾ ಕಾರ್ಯಕ್ರಮ ಆರಂಭಿಸಿತು. ಥೈರಾಯ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಆಸ್ಪತ್ರೆಗಳು ಅಲ್ಪ ಹಣಕ್ಕೆ ಕುತ್ತಿಗೆಯ ಸ್ಕ್ಯಾನನ್ನೂ ಜೊತೆಗೆ ಸೇರಿಸತೊಡಗಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತ್ತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಜನರಿಗೆ ‘ನಿಮಗೆ ಕ್ಯಾನ್ಸರ್’ ಎಂದು ಹೇಳಲಾಯಿತು. ಅದು ಆ ದೇಶದ ಅತಿ ಸಾಮಾನ್ಯ ಕ್ಯಾನ್ಸರ್ ಆಗಿಬಿಟ್ಟಿತು. ಥೈರಾಯ್ಡ್ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಮಾತ್ರ ವರ್ಷಕ್ಕೆ 300–400ರ ಆಸುಪಾಸಿನಲ್ಲಿ, ಮೊದಲು ಇದ್ದಲ್ಲೇ ಇತ್ತು.

ಈ ಎರಡು ಗೆರೆಗಳನ್ನು ಒಂದೇ ಚಿತ್ರದಲ್ಲಿಟ್ಟು ನೋಡಿದರೆ ವಿಷಯ ಅರ್ಥವಾಗುತ್ತದೆ. ಬೇಗ ಪತ್ತೆ ಮಾಡಿದ್ದರಿಂದ ಜೀವ ಉಳಿದಿದ್ದರೆ ಸಾವಿನ ಗೆರೆ ಇಳಿಯಬೇಕಿತ್ತು. ಅದು ಇಳಿಯಲಿಲ್ಲ. ಪತ್ತೆಯಾದವರಲ್ಲಿ ಬಹುತೇಕ ಎಲ್ಲರಿಗೂ ಆಪರೇಷನ್ ಆಯಿತು. ಅವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಪ್ಯಾರಾಥೈರಾಯ್ಡ್ ತೊಂದರೆ, 2 ಮಂದಿಗೆ ಸ್ವರದ ತೊಂದರೆ ಬಂತು. 2014ರಲ್ಲಿ ಕೆಲವು ವೈದ್ಯರು ಒಟ್ಟಾಗಿ ಸಾರ್ವಜನಿಕವಾಗಿ ಬರೆದರು: ಆರೋಗ್ಯವಂತರ ಕುತ್ತಿಗೆಯನ್ನು ಸ್ಕ್ಯಾನ್ ಮಾಡುವುದನ್ನು ನಿಲ್ಲಿಸಿ. ಪತ್ರಿಕೆ, ಟೀವಿಗಳಲ್ಲಿ ಚರ್ಚೆಯಾಯಿತು. ಒಂದೇ ವರ್ಷದಲ್ಲಿ ಥೈರಾಯ್ಡ್ ಆಪರೇಷನ್ನುಗಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ಪತ್ರಕರ್ತರಾಗಿ ಈ ಕೊನೆಯ ಭಾಗ ನಮಗೆ ಹೆಚ್ಚು ಮುಖ್ಯ. ಇಲ್ಲಿ ಹೊಸ ಔಷಧಿ ಬರಲಿಲ್ಲ, ಹೊಸ ಯಂತ್ರ ಬರಲಿಲ್ಲ. ಸುದ್ದಿ ಸರಿಯಾಗಿ ಬಂತು, ಅಷ್ಟೆ. 2017ರಲ್ಲಿ ಅಮೆರಿಕದ ತಜ್ಞರ ಸಮಿತಿಯೂ ಲಕ್ಷಣವಿಲ್ಲದ ವಯಸ್ಕರಿಗೆ ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಬೇಡ ಎಂದು ಹೇಳಿತು.

ನಮ್ಮ ಪಕ್ಕದ ಮನೆಯ ಮಾತು ಎಂದರೆ ಕೇರಳ. ತಿರುವನಂತಪುರದಲ್ಲಿ, ಮುಖ್ಯವಾಗಿ ಹೆಂಗಸರಲ್ಲಿ, ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ ಏರುತ್ತಿರುವುದನ್ನು ಗಮನಿಸಿದ ಸಂಶೋಧಕರು 2017ರಲ್ಲಿ ಇದೇ ಪ್ರಶ್ನೆ ಎತ್ತಿದರು: ಇದು ಕಾಯಿಲೆಯ ಏರಿಕೆಯೋ, ಹುಡುಕಾಟದ ಏರಿಕೆಯೋ? ಸ್ಕ್ಯಾನಿಂಗ್ ಸೆಂಟರುಗಳು ತಾಲ್ಲೂಕಿಗೆ ಬಂದಿರುವ ಈ ದಿನಗಳಲ್ಲಿ ಕರ್ನಾಟಕವೂ ಆ ಪ್ರಶ್ನೆಯನ್ನು ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಬೀಡಿ ಕಟ್ಟುವ ಬೆರಳು

ನೂರಕ್ಕೆ 1.6, ನೂರಕ್ಕೆ 11 ಎಂದರೆ ಅದು ಬರೀ ಅಂಕಿ. ಅದರ ಹಿಂದಿರುವ ಬದುಕು ಹೇಗಿರುತ್ತದೆ? ಕರಾವಳಿಯ ಒಂದು ಹಳ್ಳಿಯಲ್ಲಿ ನಮ್ಮ ಬಳಗದವರೊಬ್ಬರು ಬೀಡಿ ಕಟ್ಟುವ ಹೆಂಗಸೊಬ್ಬರನ್ನು ಮಾತಾಡಿಸಿದ್ದರು. ಕುತ್ತಿಗೆಯಲ್ಲಿ ಅಡ್ಡಕ್ಕೆ ಒಂದು ಗೆರೆ, ಪಕ್ಕದಲ್ಲಿ ಮಾತ್ರೆಯ ಡಬ್ಬಿ. ಥೈರಾಯ್ಡ್ ಪೂರ್ತಿ ತೆಗೆದು ಎರಡು ವರ್ಷವಾಗಿತ್ತು. “ಕ್ಯಾನ್ಸರ್ ಹೋಯ್ತು ಅಂದ್ರು ಅಕ್ಕ, ದೇವ್ರು ದೊಡ್ಡೋನು. ಆದ್ರೆ ಬೆರಳು ಜುಮುಜುಮು ಅನ್ನುತ್ತೆ. ಮಾತ್ರೆ ಒಂದು ಹೊತ್ತು ತಪ್ಪಿದ್ರೂ ಕೈ ಹೀಗೆ ಮಡಚಿಕೊಳ್ಳುತ್ತೆ. ಎಲೆ ಸುತ್ತೋಕೆ ಆಗಲ್ಲ. ಮೊದಲು ಕಟ್ಟುತ್ತಿದ್ದ ಅರ್ಧವೂ ಈಗ ಆಗೋದಿಲ್ಲ” ಎಂದಿದ್ದರು ಆಕೆ. ತನಗೆ ಯಾಕೆ ಹೀಗಾಗುತ್ತಿದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನರದ ದೌರ್ಬಲ್ಯ ಎಂದು ತಿಳಿದಿದ್ದರು.

ಆಕೆಯ ಗಂಟು ಎಷ್ಟು ದೊಡ್ಡದಿತ್ತು, ಆಪರೇಷನ್ ಬೇಕಿತ್ತೋ ಇಲ್ಲವೋ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಬೇಕೇ ಇದ್ದಿರಬಹುದು. ನಾವು ಹೇಳುವುದು ಇಷ್ಟೆ: ಆ ಬೆರಳಿನ ಜುಮುಜುಮು ಲೆಕ್ಕಕ್ಕೆ ಬರಬೇಕು. ಕ್ಯಾಲ್ಸಿಯಂ ಇಳಿದರೆ ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜುಮು ಎನ್ನುತ್ತದೆ, ಸ್ನಾಯು ಹಿಡಿದುಕೊಳ್ಳುತ್ತದೆ, ತೀರಾ ಇಳಿದರೆ ಫಿಟ್ಸ್ ಬರುತ್ತದೆ. ಕಾಳುಗಳು ಶಾಶ್ವತವಾಗಿ ಹೋದವರು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾದರಿಯ ಮಾತ್ರೆಗಳನ್ನು ದಿನಕ್ಕೆ ಹಲವು ಬಾರಿ, ಬದುಕಿಡೀ ನುಂಗಬೇಕು. ಥೈರಾಯ್ಡ್ ಮಾತ್ರೆ ಬೇರೆ. ಮಧ್ಯೆ ಮಧ್ಯೆ ರಕ್ತಪರೀಕ್ಷೆ ಬೇರೆ. ಇವತ್ತು ಕೂಲಿಗೆ ಹೋದರೆ ಇವತ್ತಿನ ಊಟ ಎಂಬ ಮನೆಯಲ್ಲಿ ಇದು ಸಣ್ಣ ‘ಸೈಡ್ ಎಫೆಕ್ಟ್’ ಅಲ್ಲ.

ಒಂದು ಗಟ್ಟಿ ಆಕ್ಷೇಪ

ಇದನ್ನೆಲ್ಲ ಹೇಳಿದರೆ ನಮ್ಮ ಜಿಲ್ಲೆಗಳ ವೈದ್ಯರು ಒಂದು ಮಾತು ಹೇಳುತ್ತಾರೆ. ಅದು ತೂಕದ ಮಾತು. ‘ಜಪಾನಿನ ರೋಗಿ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಾನೆ. ನಮ್ಮ ರೋಗಿ ಇವತ್ತು ಹೋದರೆ ಮತ್ತೆ ಬರುವುದು ನೋವಾದಾಗ. ಕಾದು ನೋಡೋಣ ಎಂದು ಕಳಿಸಿದರೆ ಅವರು ಕಳೆದೇಹೋಗುತ್ತಾರೆ. ಕೈಗೆ ಸಿಕ್ಕಾಗ ಆಪರೇಷನ್ ಮಾಡಿ ಕಳಿಸುವುದೇ ಕ್ಷೇಮ.’

ಕೊಡಗಿನ ತುದಿಯಿಂದಲೋ ರಾಯಚೂರಿನ ಹಳ್ಳಿಯಿಂದಲೋ ಬಸ್ಸು ಹಿಡಿದು ದೊಡ್ಡಾಸ್ಪತ್ರೆಗೆ ಹೋಗಿ ಬರುವುದು ಏನೆಂದು ನಮಗೆ ಗೊತ್ತು. ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ, ಹಸುವಿಗೆ ಹುಲ್ಲು ಹಾಕುವವರು ಯಾರು ಎಂಬ ಚಿಂತೆ. ಆದರೆ ಈ ಆಕ್ಷೇಪ ಅರ್ಧ ಮಾತ್ರ ಸರಿ. ವರ್ಷಕ್ಕೊಮ್ಮೆ ಸ್ಕ್ಯಾನಿಗೆ ಬರಲಾಗದವರು ಆಪರೇಷನ್ ಆದಮೇಲೆ ಬದುಕಿಡೀ ಮಾತ್ರೆ ನುಂಗಿ, ಡೋಸು ಸರಿಯಿದೆಯೇ ಎಂದು ರಕ್ತ ಕೊಟ್ಟು ಬರುವುದು ಹೇಗೆ? ಕಾಯುವುದಕ್ಕೂ ವ್ಯವಸ್ಥೆ ಬೇಕು, ಕೊಯ್ಯುವುದಕ್ಕೂ ವ್ಯವಸ್ಥೆ ಬೇಕು. ಹತ್ತು ವರ್ಷಗಳ ಖರ್ಚನ್ನು ಕೂಡಿದಾಗ ಜಪಾನಿನಲ್ಲಿ ಕೂಡಲೇ ಆಪರೇಷನ್ ಮಾಡುವುದು ಕಾದು ನೋಡುವುದಕ್ಕಿಂತ ಸುಮಾರು ನಾಲ್ಕು ಪಟ್ಟು ದುಬಾರಿ ಎಂದು ಕುಮಾ ಆಸ್ಪತ್ರೆಯ ತಂಡವೇ ಲೆಕ್ಕ ಹಾಕಿದೆ.

ಈ ಆಕ್ಷೇಪ ನಿಜವಾಗಿ ತೋರಿಸುವುದು ಶಿಬಿರದ ಕಡೆಗೆ. ಸಿಕ್ಕ ಗಂಟನ್ನು ಹತ್ತು ವರ್ಷ ನೋಡಿಕೊಳ್ಳುವ ಶಕ್ತಿ ಇಲ್ಲದ ಕಡೆ, ಒಂದು ಭಾನುವಾರದ ಮಟ್ಟಿಗೆ ಯಂತ್ರ ತಂದು ಗಂಟು ಹುಡುಕಿ ಹೊರಟುಹೋಗುವುದು ಯಾವ ಸೇವೆ? ಹುಡುಕಿದವರು ಮುಂದಿನ ಊರಿಗೆ ಹೋಗುತ್ತಾರೆ. ಕ್ಯಾನ್ಸರ್ ಎಂಬ ಪದ ಆ ಮನೆಯಲ್ಲಿ ಉಳಿಯುತ್ತದೆ. ಮದುವೆಯ ಮಾತುಕತೆಯಲ್ಲಿ, ನೆರೆಮನೆಯ ಪಿಸುಮಾತಿನಲ್ಲಿ, ಚಿನ್ನ ಅಡ ಇಟ್ಟ ಸೊಸೈಟಿಯ ರಸೀದಿಯಲ್ಲಿ ಅದು ಉಳಿಯುತ್ತದೆ.

ಹುಡುಕಬೇಕಾದ್ದನ್ನು ಹುಡುಕುತ್ತಿಲ್ಲ

ವಿಚಿತ್ರವೆಂದರೆ, ಬೇಡದ ಕಡೆ ಹುಡುಕಾಟ ನಡೆಯುವಾಗ ಅದೇ ಕುತ್ತಿಗೆಯ ಇನ್ನೊಂದು ಕಾಯಿಲೆ ನಮ್ಮ ಹಳ್ಳಿಗಳಲ್ಲಿ ಕಣ್ಣಿಗೆ ಬೀಳದೆ ಉಳಿದಿದೆ. ಪ್ಯಾರಾಥೈರಾಯ್ಡ್ ಕಾಳುಗಳಲ್ಲಿ ಒಂದು ಊದಿಕೊಂಡು ಹಾರ್ಮೋನನ್ನು ಹದ ತಪ್ಪಿ ಸುರಿಸಿದರೆ ಅದು ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಹಾಕುತ್ತದೆ. ಮೂಳೆ ಟೊಳ್ಳಾಗುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುತ್ತದೆ, ಹೊಟ್ಟೆ ನೋವು, ಸುಸ್ತು, ಮನಸ್ಸಿಗೆ ಮಂಕು.

1925ರಲ್ಲಿ ವಿಯೆನ್ನಾದ ಸರ್ಜನ್ ಫೆಲಿಕ್ಸ್ ಮಾಂಡ್ಲ್ ಅವರ ಬಳಿಗೆ ಮೂಳೆ ಮೆತ್ತಗಾಗಿ ನಡೆಯಲಾಗದ ಒಬ್ಬ ಟ್ರಾಮ್ ಕಂಡಕ್ಟರ್ ಬಂದರು. ಪ್ಯಾರಾಥೈರಾಯ್ಡ್ ಸಾಲದೆ ಹೀಗಾಗಿದೆ ಎಂದು ಆಗಿನ ಹಲವರ ನಂಬಿಕೆ. ಮಾಂಡ್ಲ್ ಮೊದಲು ಬೇರೊಬ್ಬರ ಗ್ರಂಥಿಯನ್ನು ಅವರ ಮೈಗೆ ಕಸಿ ಮಾಡಿ ನೋಡಿದರು. ಗುಣವಾಗಲಿಲ್ಲ. ಆಮೇಲೆ ನಂಬಿಕೆಯನ್ನು ತಿರುಗಿಸಿ, ಕುತ್ತಿಗೆ ತೆರೆದು, ಊದಿದ್ದ ಒಂದು ಕಾಳನ್ನು ತೆಗೆದರು. ನೋವು ಇಳಿಯಿತು, ಮನುಷ್ಯ ನಡೆದರು. ಕಾಯಿಲೆ ವರ್ಷಗಳ ನಂತರ ಮರುಕಳಿಸಿತಾದರೂ ದಾರಿ ತೆರೆದಿತ್ತು. ಇಲ್ಲಿ ಸರ್ಜನ್ ಚಾಕು ಎತ್ತಿದ್ದೇ ಸರಿ.

ಶ್ರೀಮಂತ ದೇಶಗಳಲ್ಲಿ ಇವತ್ತು ಈ ಕಾಯಿಲೆ ಮಾಮೂಲಿ ರಕ್ತಪರೀಕ್ಷೆಯಲ್ಲೇ, ಮೂಳೆಗೆ ಹಾನಿಯಾಗುವ ಮೊದಲೇ ಸಿಗುತ್ತದೆ. ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ಸಂಸ್ಥೆಯೂ ಸೇರಿದಂತೆ ನಮ್ಮ ದೇಶದ ಆಸ್ಪತ್ರೆಗಳ ಸರ್ಜನ್ನರು ಬರೆದಿರುವುದನ್ನು ಓದಿದರೆ ಚಿತ್ರ ಬೇರೆ. ನಮ್ಮಲ್ಲಿ ರೋಗಿಗಳು ಬರುವುದು ಮೂಳೆ ಮುರಿದ ಮೇಲೆ, ಕಲ್ಲು ಕಟ್ಟಿ ಮೂತ್ರಪಿಂಡ ಸೋತ ಮೇಲೆ. ಅದೂ ಇನ್ನೂ ಚಿಕ್ಕ ವಯಸ್ಸಿನಲ್ಲಿ. ವಿಟಮಿನ್ ಡಿ ಕೊರತೆ ಅದನ್ನು ಮತ್ತಷ್ಟು ಕೆಡಿಸುತ್ತದೆ. ಹಳ್ಳಿಯಲ್ಲಿ ಮೈಕೈ ನೋವು ಎಂದರೆ ವಯಸ್ಸಾಯಿತು, ವಾಯು, ಹೊಲದ ಕೆಲಸ ಎಂದು ನೋವಿನ ಮಾತ್ರೆ, ಇಂಜೆಕ್ಷನ್. ಕಲ್ಲು ಎಂದರೆ ಬಾಳೆದಿಂಡಿನ ರಸ. ಎರಡನೇ ಬಾರಿ ಕಲ್ಲಾದವರಿಗೆ, ಸಣ್ಣ ಪೆಟ್ಟಿಗೇ ಮೂಳೆ ಮುರಿದವರಿಗೆ ರಕ್ತದ ಕ್ಯಾಲ್ಸಿಯಂ ಒಮ್ಮೆ ನೋಡಿದರೆ ಸುಳಿವು ಸಿಗುತ್ತದೆ. ಅದು ಸಣ್ಣ ಪಟ್ಟಣದ ಲ್ಯಾಬಿನಲ್ಲೂ ಆಗುವ ಪರೀಕ್ಷೆ. ಬಹುಪಾಲು ರೋಗಿಗಳಲ್ಲಿ ಕೆಟ್ಟಿರುವುದು ಒಂದೇ ಕಾಳು. ನುರಿತ ಸರ್ಜನ್ ಅದನ್ನು ತೆಗೆದರೆ ಕಾಯಿಲೆ ಬುಡಸಮೇತ ಹೋಗುತ್ತದೆ.

ಶಿಬಿರ ಮಾಡುವ ಸಂಘ ಸಂಸ್ಥೆಗಳಿಗೆ ನಮ್ಮ ಮನವಿ ಇಲ್ಲಿಯೇ ಇದೆ. ಆರೋಗ್ಯವಂತರ ಕುತ್ತಿಗೆಯ ಸ್ಕ್ಯಾನಿಗೆ ಇಡುವ ಹಣವನ್ನು ಮತ್ತೆ ಮತ್ತೆ ಕಲ್ಲಾದವರ, ಮೂಳೆ ಮುರಿದವರ, ಥೈರಾಯ್ಡ್ ಆಪರೇಷನ್ ಆಗಿ ಕೈ ಜುಮು ಎನ್ನುವವರ ಕ್ಯಾಲ್ಸಿಯಂ ಪರೀಕ್ಷೆಗೆ ಇಡಿ. ತೊಂದರೆ ಇರುವವರನ್ನು ಹುಡುಕಿ. ಆಶಾ ಕಾರ್ಯಕರ್ತೆಯರಿಗೆ ಆ ಮನೆಗಳು ಈಗಾಗಲೇ ಗೊತ್ತು.

ತಪ್ಪಾಗಿ ಓದಬೇಡಿ

ಈ ಬರಹ ಓದಿ ಯಾರೂ ಡಾಕ್ಟರ ಬಳಿ ಹೋಗುವುದನ್ನು ಬಿಡಬಾರದು. ಕುತ್ತಿಗೆಯಲ್ಲಿ ಕೈಗೆ ಸಿಗುವ ಗಂಟು, ಅದು ಗಟ್ಟಿಯಾಗಿರುವುದು ಅಥವಾ ಬೇಗ ದೊಡ್ಡದಾಗುವುದು, ವಾರಗಟ್ಟಲೆ ಒಡೆದ ಸ್ವರ, ನುಂಗಲು ಉಸಿರಾಡಲು ಕಷ್ಟ, ಕುತ್ತಿಗೆಯ ಪಕ್ಕದಲ್ಲಿ ಗೆಡ್ಡೆಗಳು, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್, ಚಿಕ್ಕಂದಿನಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿರುವುದು: ಇವುಗಳಲ್ಲಿ ಯಾವುದಿದ್ದರೂ ತಡ ಮಾಡದೆ ತೋರಿಸಿ. ಥೈರಾಯ್ಡ್ ಕ್ಯಾನ್ಸರಿನಲ್ಲಿ ಮೆಡುಲರಿ, ಅನಾಪ್ಲಾಸ್ಟಿಕ್ ಎಂಬ ಬೇರೆ ಜಾತಿಗಳಿವೆ. ಅವುಗಳಿಗೆ ಕಾದು ನೋಡುವ ಮಾತೇ ಅನ್ವಯಿಸುವುದಿಲ್ಲ. ಅನಾಪ್ಲಾಸ್ಟಿಕ್ ಅತ್ಯಂತ ವೇಗದ್ದು. ದೊಡ್ಡ ಗಂಟು, ಹರಡಿದ ಗಂಟುಗಳಿಗೆ ಆಪರೇಷನ್ ಜೀವ ಉಳಿಸುವ ಚಿಕಿತ್ಸೆ. ಮಿಯಾವುಚಿಯವರ ಸಂಶೋಧನೆ ಒಂದು ಸೆಂಟಿಮೀಟರಿನ ಒಳಗಿನ, ಶಾಂತ ಜಾತಿಯ ಪ್ಯಾಪಿಲರಿ ಗಂಟುಗಳ ಬಗ್ಗೆ ಮಾತ್ರ. ಕಾಯಬೇಕೆಂದರೂ ಅದನ್ನು ವೈದ್ಯರ ಕಣ್ಣಳತೆಯಲ್ಲೇ ಕಾಯಬೇಕು.

ಸಣ್ಣ ಗಂಟು ಸಿಕ್ಕಿದೆ, ಆಪರೇಷನ್ ಎಂದಿದ್ದಾರೆ ಎಂದರೆ ಡಾಕ್ಟರನ್ನು ವಿನಯದಿಂದಲೇ ಕೇಳಬಹುದಾದ ಪ್ರಶ್ನೆಗಳಿವೆ. ಗಂಟು ಎಷ್ಟು ಮಿಲಿಮೀಟರ್? ಯಾವ ಜಾತಿ? ಹರಡಿದೆಯೇ? ಕಾದು ನೋಡಿದರೆ ಏನಾದೀತು? ತೆಗೆಯುವುದೇ ಆದರೆ ಅರ್ಧ ತೆಗೆದರೆ ಸಾಲದೆ, ಪೂರ್ತಿ ಬೇಕೆ? ಅರ್ಧ ಮಾತ್ರ ತೆಗೆದರೆ ಇನ್ನೊಂದು ಬದಿಯ ಕಾಳುಗಳು ಮುಟ್ಟದೆ ಉಳಿಯುತ್ತವೆ, ಹಾಗಾಗಿ ಈ ಪ್ರಶ್ನೆಗೆ ಬೆಲೆಯಿದೆ. ಕೊನೆಯದು, ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ? ಒಳ್ಳೆಯ ಸರ್ಜನ್ನರು ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ.

ನಮ್ಮ ಕಸುಬಿನವರಿಗೂ ಒಂದು ಮಾತು. ‘500 ಜನರಿಗೆ ಉಚಿತ ಥೈರಾಯ್ಡ್ ತಪಾಸಣೆ’ ಎಂಬ ಸುದ್ದಿ ಬಂದಾಗ ಆಯೋಜಕರಿಗೆ ಫೋನು ಮಾಡಿ ಎರಡು ಪ್ರಶ್ನೆ ಕೇಳೋಣ. ರಕ್ತಪರೀಕ್ಷೆಯೋ, ಕುತ್ತಿಗೆಯ ಸ್ಕ್ಯಾನೋ? ಗಂಟು ಸಿಕ್ಕವರನ್ನು ಮುಂದಿನ ವರ್ಷ, ಅದರ ಮುಂದಿನ ವರ್ಷ ನೋಡುವವರು ಯಾರು? ಉತ್ತರ ಏನೇ ಬರಲಿ, ಅದನ್ನು ಸುದ್ದಿಯಲ್ಲಿ ಸೇರಿಸೋಣ. ಆರು ತಿಂಗಳ ನಂತರ ಅದೇ ಊರಿಗೆ ಹೋಗಿ, ಅಲ್ಲಿ ಗಂಟು ಸಿಕ್ಕವರನ್ನು ಹುಡುಕಿ, ಹೇಗಿದ್ದೀರಿ ಎಂದು ಕೇಳೋಣ. ಅವರು ಹೇಳಿದ್ದನ್ನು, ದೀಪ ಬೆಳಗಿಸಿದ ಫೋಟೊಗೆ ಕೊಟ್ಟಷ್ಟೇ ಜಾಗದಲ್ಲಿ, ಅಚ್ಚು ಹಾಕೋಣ.